ಮಣಿಕಟ್ಟಿನ ಸಾಕ್ಷಿ

ಮಠದ ಪೀಠದಲ್ಲಿ ಕುಳಿತವರು ತಮ್ಮನ್ನು ‘ನಾವು’ ಎಂದು ಹೇಳಿಕೊಳ್ಳುವುದು ವಾಡಿಕೆ. ಈ ಪತ್ರಿಕೆಯ ಪುಟಗಳಲ್ಲಿ ಇಷ್ಟು ವರ್ಷ ನಾನೂ ಹಾಗೆಯೇ ಬರೆದುಕೊಂಡು ಬಂದಿದ್ದೇನೆ. ಆದರೆ ಈ ತಿಂಗಳು ಬರೆಯಬೇಕಾದ ವಿಷಯ ಒಂದು ಕೈಯನ್ನು ಕುರಿತದ್ದು; ಆ ಕೈ ಪೀಠದ್ದಲ್ಲ, ಪರಂಪರೆಯದೂ ಅಲ್ಲ, ನನ್ನೊಬ್ಬನದು. ಆದುದರಿಂದ ವಾಚಕರು ಈ ಸಲ ‘ನಾನು’ ಎಂಬ ಶಬ್ದವನ್ನು ಮನ್ನಿಸಬೇಕು.

2021ರ ಮಳೆಗಾಲದಲ್ಲಿ ನನ್ನ ಎಡ ಭುಜ ಹಿಡಿದುಕೊಂಡಿತು. ಸಮೀಪದ ಪಟ್ಟಣದ ವೈದ್ಯರೊಬ್ಬರು ಅದು ಭುಜದ ಸಂದು ಬಿಗಿದಿರುವುದೆಂದು ಹೇಳಿ ಎಣ್ಣೆ, ಶಾಖ, ವ್ಯಾಯಾಮಗಳನ್ನು ಹೇಳಿಕೊಟ್ಟರು. ಒಂದು ವರ್ಷ ಅದರಲ್ಲಿಯೇ ಕಳೆಯಿತು. ಅವರನ್ನು ದೂಷಿಸಲಾರೆ, ಈ ರೋಗ ಹಲವರಲ್ಲಿ ಭುಜನೋವಿನ ವೇಷದಲ್ಲಿಯೇ ಮೊದಲು ಮನೆಗೆ ಬರುತ್ತದೆಯೆಂಬುದು ಆಮೇಲೆ ತಿಳಿಯಿತು. ವರ್ಷ ಕಳೆಯುವಷ್ಟರಲ್ಲಿ ಎಡಗೈಯ ಹೆಬ್ಬೆರಳು ತಾನಾಗಿಯೇ ತೋರುಬೆರಳನ್ನು ತೀಡತೊಡಗಿತು, ಜಪಮಣಿಯನ್ನು ಎಣಿಸುವವರಂತೆ.

ಪೂಜೆಯ ಕಾಲದಲ್ಲಿ ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ದೃಷ್ಟಿಯನ್ನು ನಿಲ್ಲಿಸುವುದು ನಮ್ಮ ಕ್ರಮ. ಕೈಯೆತ್ತಿದ ಕೂಡಲೆ ಎಲ್ಲವೂ ಸ್ಥಿರವಾಗಿರುತ್ತಿತ್ತು. ಹತ್ತೆಂಟು ಕ್ಷಣ ಕಳೆದ ಮೇಲೆ ಮಣಿಕಟ್ಟಿನಿಂದ ನಡುಕ ಎದ್ದು ಬೆರಳುಗಳಿಗೆ ಇಳಿಯುತ್ತಿತ್ತು. ಒಬ್ಬನೇ ಇದ್ದಾಗ ಕಡಿಮೆ, ಭಕ್ತರು ಎದುರಿಗಿದ್ದಾಗ ಹೆಚ್ಚು. ಅಫಜಲಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸಾಮೂಹಿಕ ಪೂಜೆ ನಡೆದಿದ್ದಾಗ ಮುಂದಿನ ಸಾಲಿನ ಹಿರಿಯ ತಾಯಿಯೊಬ್ಬಳು ಪಕ್ಕದವಳಿಗೆ, “ಅಪ್ಪಾರ ಕೈಯಾಗ ಲಿಂಗ ಕುಣ್ಯಾಕತ್ತದ ನೋಡವ್ವಾ” ಎಂದಳು. ಆ ಮಾತು ಸಭೆಯಲ್ಲಿ ಹಿಂದಿನ ಸಾಲಿನವರೆಗೂ ಹೋಯಿತು. ಪೂಜೆ ಮುಗಿದ ಮೇಲೆ ಜನ ಎಂದಿಗಿಂತ ಹೆಚ್ಚು ಭಕ್ತಿಯಿಂದ ಪಾದ ಮುಟ್ಟಿದರು. ನಾನು ಸುಮ್ಮನಿದ್ದೆ. ಆ ಸುಮ್ಮನಿರುವಿಕೆಯನ್ನು ಎರಡು ವರ್ಷ ಹೊತ್ತು ತಿರುಗಿದೆ. ಇಲ್ಲದ ಪವಾಡವನ್ನು ನಾನಾಗಿ ಹೇಳಿಕೊಳ್ಳಲಿಲ್ಲ, ನಿಜ. ಆದರೆ ಹೇಳಿದವರನ್ನು ತಡೆಯಲೂ ಇಲ್ಲ. ಪವಾಡದ ವ್ಯಾಪಾರವನ್ನು ವೇದಿಕೆಯ ಮೇಲೆ ಖಂಡಿಸುತ್ತ ಬಂದವನಿಗೆ ಇದು ಸಣ್ಣ ತಪ್ಪಲ್ಲ.

ರೋಗದ ಹೆಸರು 2022ರ ಕೊನೆಯಲ್ಲಿ ಬೆಂಗಳೂರಿನಲ್ಲಿ ತಿಳಿಯಿತು: ಪಾರ್ಕಿನ್ಸನ್ ಕಾಯಿಲೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ‘ನಡುಗುವ ಪಾರ್ಶ್ವವಾಯು’ವನ್ನು ಕುರಿತು ಒಂದು ಪುಟ್ಟ ಪ್ರಬಂಧ ಬರೆದನು. ಅದಕ್ಕೆ ಆಧಾರ ಆರೇ ಜನ ರೋಗಿಗಳು. ಅವರಲ್ಲಿಯೂ ಕೆಲವರನ್ನು ಆತ ಬೀದಿಯಲ್ಲಿ ನಡೆದು ಹೋಗುವಾಗ ಕಂಡದ್ದಷ್ಟೇ. ಮುಟ್ಟದೆ, ರಕ್ತ ತೆಗೆಯದೆ, ಕೇವಲ ನಡೆಯನ್ನೂ ನಡುಕವನ್ನೂ ನೋಡಿ ರೋಗವೊಂದನ್ನು ಗುರುತಿಸಿದ ಆತನ ಕಣ್ಣನ್ನು ಮೆಚ್ಚಲೇಬೇಕು. ಆತನ ಹೆಸರನ್ನು ರೋಗಕ್ಕಿಟ್ಟವನು ಪ್ಯಾರಿಸ್ಸಿನ ಶಾರ್ಕೋ. ನಾಡಿ ಬಡಿತವನ್ನು ಗೆರೆಯಾಗಿ ಬರೆಯುವ ಉಪಕರಣವನ್ನು ಶಾರ್ಕೋ ಮಣಿಕಟ್ಟಿಗೆ ಹೊಂದಿಸಿ, ನಡುಕ ತಾನೇ ಕಾಗದದ ಮೇಲೆ ತನ್ನ ಚರಿತ್ರೆಯನ್ನು ಬರೆದುಕೊಳ್ಳುವಂತೆ ಮಾಡಿದನು. ನಾನು ಮುಂದೆ ಹೇಳಲಿರುವ ಯಂತ್ರದ ಮುತ್ತಜ್ಜ ಅದೇ ಎನ್ನಬಹುದು.

ರೋಗದ ಮೂಲ ಇರುವುದು ಕೈಯಲ್ಲಲ್ಲ, ಮೆದುಳಿನ ತಳಭಾಗದಲ್ಲಿ. ಅಲ್ಲಿ ಕಪ್ಪು ಬಣ್ಣದ ಜೀವಕೋಶಗಳ ಸಣ್ಣದೊಂದು ಗುಂಪು ಡೋಪಮೈನ್ ಎಂಬ ರಸವನ್ನು ತಯಾರಿಸುತ್ತದೆ. ಮನಸ್ಸು ‘ಏಳು’ ಎಂದಾಗ ದೇಹ ತಡವಿಲ್ಲದೆ ಏಳುವುದು ಆ ರಸದ ಬಲದಿಂದ. ಆ ಕೋಶಗಳು ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಅಳಿದ ಮೇಲೆಯೇ ಹೊರಗೆ ನಡುಕ, ನಿಧಾನ, ಬಿಗಿತಗಳು ಕಾಣುತ್ತವೆ. ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ 1950ರ ದಶಕದ ಕೊನೆಯಲ್ಲಿ ಈ ರಸದ ಮಹತ್ವವನ್ನು ತೋರಿಸಿಕೊಟ್ಟು, ಅದಕ್ಕಾಗಿ 2000ದಲ್ಲಿ ನೊಬೆಲ್ ಪಾರಿತೋಷಕ ಪಡೆದರು. ರಸವನ್ನು ನೇರವಾಗಿ ನುಂಗಿದರೆ ಅದು ಮೆದುಳನ್ನು ಸೇರದು. ಅದರ ಪೂರ್ವರೂಪವಾದ ಲೆವೊಡೋಪಾ ಸೇರುತ್ತದೆ. ಇಂದಿಗೂ ಮುಖ್ಯ ಔಷಧ ಅದೇ.

ನಮ್ಮ ವೈದ್ಯಶಾಸ್ತ್ರಕ್ಕೆ ಕಂಪವಾತ ಹೊಸತಲ್ಲ. ನಸುಗುನ್ನಿಯ ಬೀಜ, ಸಂಸ್ಕೃತದಲ್ಲಿ ಆತ್ಮಗುಪ್ತಾ, ಬಹಳ ಹಿಂದಿನಿಂದ ಬಳಕೆಯಲ್ಲಿದೆ. ಆ ಬೀಜದಲ್ಲಿ ಲೆವೊಡೋಪಾ ಇದೆಯೆಂಬುದನ್ನು 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಇಬ್ಬರು ಭಾರತೀಯ ವಿಜ್ಞಾನಿಗಳು ಪ್ರಕಟಿಸಿದರು. ಆಗ ಅದರ ಬೆಲೆ ಯಾರಿಗೂ ತಿಳಿದಿರಲಿಲ್ಲ. ಇದನ್ನು ಓದಿ ಹೆಮ್ಮೆಪಡುವುದು ಸರಿಯೇ. ಆದರೆ ಹೆಮ್ಮೆಯನ್ನು ಪುಡಿ ಮಾಡಿ ಚಮಚದಲ್ಲಿ ನುಂಗುವುದು ಸರಿಯಲ್ಲ. ಭಕ್ತರು ಪ್ರೀತಿಯಿಂದ ತಂದುಕೊಟ್ಟ ನಸುಗುನ್ನಿ ಪುಡಿಯ ಡಬ್ಬಿಗಳು ಮಠದಲ್ಲಿ ಮೂರಿವೆ. ಮಾತ್ರೆಯ ಜೊತೆಗೆ ಅದನ್ನೂ ಸೇವಿಸಿದರೆ ಒಂದೇ ಔಷಧ ಅಳತೆಯಿಲ್ಲದೆ ಎರಡು ದಾರಿಯಿಂದ ಒಳಗೆ ಹೋಗುತ್ತದೆ. ಡಬ್ಬಿಗಳನ್ನು ನಾನು ತೆರೆದಿಲ್ಲ, ತಂದವರು ಬೇಸರಿಸಬಾರದು.

ಮಾತ್ರೆ ಮೊದಲ ವರ್ಷ ಚೆನ್ನಾಗಿ ನಡೆಯಿತು. ಎರಡನೆಯ ವರ್ಷದಲ್ಲಿ ಮಧ್ಯಾಹ್ನದ ಮೇಲೆ ದೇಹ ಮಣ್ಣಿನ ಮುದ್ದೆಯಂತಾಗತೊಡಗಿತು. ಬೆಂಗಳೂರಿಗೆ ಮೂರು ನಾಲ್ಕು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಕಲಬುರಗಿಯಿಂದ ಸುಮಾರು ಆರುನೂರು ಕಿಲೋಮೀಟರು. ರಾತ್ರಿಯಿಡೀ ರೈಲಿನಲ್ಲಿ ಕುಳಿತು ಹೋಗಿ, ವೈದ್ಯರೆದುರು ಹತ್ತು ನಿಮಿಷ ಕೂತು ಎದ್ದು ಬರಬೇಕು. ಆ ಹತ್ತು ನಿಮಿಷದಲ್ಲಿ ಮಾತ್ರೆ ಕೆಲಸದಲ್ಲಿದ್ದರೆ ನಾನು ಆರೋಗ್ಯವಂತ, ಇಲ್ಲದಿದ್ದರೆ ರೋಗಿ. ಉಳಿದ ತೊಂಬತ್ತು ದಿನದ ಕಥೆಯನ್ನು ನನ್ನ ಬಾಯಿಂದಲೇ ಕೇಳಬೇಕು. ಸ್ವಾಮಿಗಳ ಬಾಯಿ ಎಂಥದೆಂಬುದು ನಿಮಗೆ ಗೊತ್ತು. “ಎಲ್ಲವೂ ಶಿವನ ದಯೆಯಿಂದ ಚೆನ್ನಾಗಿದೆ” ಎಂಬುದು ನಮ್ಮ ನಾಲಗೆಗೆ ಒಗ್ಗಿದ ಉತ್ತರ.

2024ರಲ್ಲಿ ಆ ವೈದ್ಯರು ಕೈಗಡಿಯಾರದಂಥ ಒಂದು ಸಾಧನವನ್ನು ಕೊಟ್ಟು, ಏಳು ದಿನ ಎಡ ಮಣಿಕಟ್ಟಿಗೆ ಕಟ್ಟಿಕೊಂಡಿದ್ದು ಕಳಿಸಿಕೊಡಿ ಎಂದರು. ಅದರ ಜೊತೆಗೆ ಗಂಟೆಗೊಮ್ಮೆ ‘ಹಗುರ’, ‘ಭಾರ’, ‘ನಿದ್ರೆ’ ಎಂದು ಗುರುತು ಮಾಡುವ ಒಂದು ದಿನಚರಿ ಹಾಳೆ. ಮಠದಲ್ಲಿ ಅದರ ಪಟ್ಟಿ ಚರ್ಮದ್ದೋ ಎಂಬ ಶಂಕೆ ಮೊದಲು ಎದ್ದಿತು. ಲಿಂಗ ಹಿಡಿಯುವ ಕೈಯಲ್ಲವೆ! ರಬ್ಬರಿನಂಥ ವಸ್ತು ಎಂದು ತಿಳಿದ ಮೇಲೆ ವಟುಗಳು ಸಮಾಧಾನಪಟ್ಟರು.

ಆ ಸಾಧನದ ಒಳಗಿನ ಮರ್ಮ ಸರಳವಾದುದು. ಕೂದಲೆಳೆಗಿಂತ ಸೂಕ್ಷ್ಮವಾದ ಬಿಲ್ಲುಗಳ ಮೇಲೆ ಸಿಲಿಕಾನಿನ ಒಂದು ಕಣ ತೂಗಾಡುತ್ತಿರುತ್ತದೆ. ಎತ್ತಿನ ಬಂಡಿ ಥಟ್ಟನೆ ಹೊರಟಾಗ ಒಳಗೆ ಕುಳಿತವರು ಹಿಂದಕ್ಕೆ ವಾಲುವಂತೆ, ಕೈ ಆಡಿದಾಗ ಆ ಕಣ ವಾಲುತ್ತದೆ. ವಾಲಿದ ಪ್ರಮಾಣವನ್ನು ವಿದ್ಯುತ್ತು ಅಳೆಯುತ್ತದೆ. ಮೂರು ದಿಕ್ಕಿನಲ್ಲಿ, ಸೆಕೆಂಡಿಗೆ ಹತ್ತಾರು ಬಾರಿ. ಇದಕ್ಕೆ ಅಕ್ಸೆಲರೋಮೀಟರ್ ಎನ್ನುತ್ತಾರೆ. ತಿರುಗುವಿಕೆಯನ್ನು ಅಳೆಯುವ ಗೈರೋಸ್ಕೋಪ್ ಕೆಲವುಗಳಲ್ಲಿ ಜೊತೆಗಿರುತ್ತದೆ. ಇಂದು ಪ್ರತಿಯೊಬ್ಬರ ಜೇಬಿನ ಫೋನಿನಲ್ಲಿಯೂ ಇವು ಇವೆ. ಪಾರ್ಕಿನ್ಸನ್ ನಡುಕಕ್ಕೆ ಒಂದು ತಾಳವಿದೆ: ಸೆಕೆಂಡಿಗೆ ನಾಲ್ಕರಿಂದ ಆರು ಬಾರಿ. ಔಷಧ ಹೆಚ್ಚಾದಾಗ ಬರುವ ಅನೈಚ್ಛಿಕ ಹೊಯ್ದಾಟಕ್ಕೆ ಇಂಥ ತಾಳವಿಲ್ಲ, ಅದು ಹಾವಿನಂತೆ ಹೊರಳುತ್ತದೆ. ನಿಧಾನರೋಗದಲ್ಲಿ ಚಲನೆ ಕುಗ್ಗಿ, ನಡುವಿನ ನಿಶ್ಚಲತೆ ಉದ್ದವಾಗುತ್ತದೆ. ಗಣಿತ ಈ ಮೂರನ್ನೂ ಬೇರ್ಪಡಿಸಿ ಗೆರೆಗಳಾಗಿ ಬರೆಯುತ್ತದೆ. ಆಸ್ಟ್ರೇಲಿಯಾದ ಮೆಲ್ಬೋರ್ನಿನಲ್ಲಿ ರೂಪುಗೊಂಡ ಇಂಥದೊಂದು ಸಾಧನ ಎರಡೆರಡು ನಿಮಿಷಕ್ಕೊಮ್ಮೆ ಕೈಯ ಸ್ಥಿತಿಗೆ ಅಂಕ ಕೊಡುತ್ತದೆ, ಮಾತ್ರೆಯ ಹೊತ್ತಿಗೆ ಮಣಿಕಟ್ಟಿನಲ್ಲಿ ಮಿಡಿದು ನೆನಪಿಸುತ್ತದೆ.

ಏಳು ದಿನ ಕಳೆದವು. ಸಾಧನವನ್ನೂ ಹಾಳೆಯನ್ನೂ ಒಬ್ಬ ಭಕ್ತರ ಕೈಯಲ್ಲಿ ಕಳಿಸಿದೆ. ವಾರದ ಮೇಲೆ ವೈದ್ಯರು ಫೋನಿನ ಪರದೆಯಲ್ಲಿ ಕಾಣಿಸಿಕೊಂಡು ನಕ್ಕರು: “ಬುದ್ಧಿ, ನಿಮ್ಮ ಹಾಳೆಗೂ ನಿಮ್ಮ ಮಣಿಕಟ್ಟಿಗೂ ವ್ಯಾಜ್ಯ ಬಿದ್ದಿದೆ.” ಹಾಳೆಯಲ್ಲಿ ಏಳೂ ದಿನ ‘ಹಗುರ, ಹಗುರ’ ಎಂದಿತ್ತು. ಆ ಹಾಳೆ ಸೇವೆಗಿದ್ದ ವಟುವಿನ ಕಣ್ಣಿಗೆ ಬೀಳುತ್ತಿತ್ತು. ಅವನೆದುರು ‘ಭಾರ’ ಎಂದು ಬರೆಯಲು ನನ್ನ ಕೈ ಬರಲಿಲ್ಲ. ಗೆರೆಗಳಾದರೋ ಬೇರೆಯೇ ಹೇಳುತ್ತಿದ್ದವು. ಬೆಳಗಿನ ಮಾತ್ರೆಗೆ ಕೈ ಏಳುತ್ತದೆ. ಮಧ್ಯಾಹ್ನದ ಮಾತ್ರೆಗೆ ಏಳುವುದೇ ಇಲ್ಲ. ಎರಡರಿಂದ ಐದರವರೆಗೆ ಗೆರೆ ನೆಲ ಹಿಡಿದಿದೆ. ಅದೇ ಹೊತ್ತಿನಲ್ಲಿ ನಾನು ಭಕ್ತರಿಗೆ ದರ್ಶನ ಕೊಡುವುದು. ನನ್ನ ಗಂಭೀರ ಮೌನವನ್ನು ಎಷ್ಟೋ ಜನ ಹೊಗಳಿದ್ದುಂಟು. ಅದು ಮೌನವಾಗಿರಲಿಲ್ಲ, ಮುಖದ ಸ್ನಾಯುಗಳು ಏಳಲಾರದೆ ಕುಳಿತಿದ್ದವು.

ಏಳರಲ್ಲಿ ಒಂದು ದಿನ ಮಾತ್ರ ಮಧ್ಯಾಹ್ನವೂ ಗೆರೆ ಎದ್ದಿತ್ತು. ಅದು ಸೋಮವಾರ. ನಾನು ಸೋಮವಾರ ಸಂಜೆಯವರೆಗೆ ಉಪವಾಸವಿದ್ದು ಹಣ್ಣು ನೀರು ಮಾತ್ರ ಸೇವಿಸುತ್ತೇನೆ. ಸೋಮವಾರ ದೇಹ ಹಗುರವಾಗಿರುವುದು ನನಗೆ ಮೊದಲೇ ಅನುಭವಕ್ಕೆ ಬಂದಿತ್ತು. ಅದನ್ನು ವ್ರತದ ಫಲವೆಂದು ನಂಬಿ ಎರಡು ಪ್ರವಚನಗಳಲ್ಲಿ ಹೇಳಿಯೂ ಇದ್ದೆ! ವೈದ್ಯರು ಶಾಂತವಾಗಿ ಒಂದು ಪ್ರಶ್ನೆ ಕೇಳಿದರು: “ಉಳಿದ ದಿನ ಮಧ್ಯಾಹ್ನ ಪ್ರಸಾದಕ್ಕೆ ಏನಿರುತ್ತದೆ? ಮಾತ್ರೆ ಅದರ ಮುಂಚೆಯೋ ಆಮೇಲೆಯೋ?”

ನಮ್ಮದು ತೊಗರಿಯ ನಾಡು. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೇ ದೊರೆತಿದೆ. ರೊಟ್ಟಿ, ಗಟ್ಟಿ ಬೇಳೆ, ಮೊಳಕೆ ಕಾಳಿನ ಪಲ್ಯ, ಮೊಸರು, ಆಮೇಲೆ ಮಾತ್ರೆ. ಊಟ ಮಾಡಿಯೇ ಮಾತ್ರೆ ನುಂಗಬೇಕೆಂಬುದು ನಮ್ಮಲ್ಲಿ ಹಿರಿಯರ ಮಾತು. ಆದರೆ ಬೇಳೆಕಾಳಿನ, ಹಾಲು ಮೊಸರಿನ ಪ್ರೋಟೀನು ಕರಗಿ ಅಮೈನೋ ಆಮ್ಲಗಳಾದಾಗ, ಅವೂ ಲೆವೊಡೋಪಾವೂ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ಒಂದೇ ಬಾಗಿಲಿನಿಂದ ಹೋಗಬೇಕು. ಜಾತ್ರೆಯ ದಿನ ಗುಡಿಯ ಬಾಗಿಲಲ್ಲಿ ಆಗುವಂತೆಯೇ ಆಗುತ್ತದೆ. ಮಾತ್ರೆ ಹೊರಗೆ ನಿಲ್ಲುತ್ತದೆ. ಸೋಮವಾರ ಬಾಗಿಲು ತೆರವಾಗಿರುತ್ತಿತ್ತು, ಅಷ್ಟೇ.

ಒಂದು ಸೋಮವಾರದಿಂದ ಏನನ್ನೂ ಸಿದ್ಧಾಂತ ಮಾಡಲಾಗದೆಂದು ವೈದ್ಯರೇ ಎಚ್ಚರಿಸಿದರು. ಮಾತ್ರೆಯನ್ನು ಪ್ರಸಾದಕ್ಕೆ ಮುಕ್ಕಾಲು ಗಂಟೆ ಮುಂಚೆ ತೆಗೆದುಕೊಳ್ಳುವುದು, ಬೇಳೆಯನ್ನು ಬಿಡದೆ ಅದರ ಹೆಚ್ಚಿನ ಪಾಲನ್ನು ರಾತ್ರಿಗೆ ಇಟ್ಟುಕೊಳ್ಳುವುದು, ಹೀಗೆ ಕೆಲವು ವಾರ ನಡೆದು ಮತ್ತೆ ಏಳು ದಿನ ಸಾಧನ ಕಟ್ಟುವುದು ಎಂದು ಗೊತ್ತಾಯಿತು. ಇದು ನನಗೆ ಹೇಳಿದ ಮಾತು. ಓದಿದವರು ತಮ್ಮ ವೈದ್ಯರನ್ನು ಕೇಳದೆ ಮಾತ್ರೆಯ ಹೊತ್ತನ್ನಾಗಲಿ ಅಳತೆಯನ್ನಾಗಲಿ ಬದಲಿಸಬಾರದು.

ಬೆಳಗಿನ ಮಾತ್ರೆಯಲ್ಲಿ ಬೇರೊಂದು ತೊಡಕಿತ್ತು. ಪೂಜೆಗೆ ಮುಂಚೆ ನೀರನ್ನೂ ಮುಟ್ಟದ ನಿಯಮ ನನ್ನದು. ಎದ್ದೊಡನೆ ಮಾತ್ರೆ ಎಂದರೆ ನಿಯಮ ಮುರಿಯಬೇಕು. ಮುರಿಯದಿದ್ದರೆ ಕೈ ನಿಲ್ಲದು. ಶಿವಯೋಗಮಂದಿರದಲ್ಲಿ ಕಲಿತ ಶಾಸ್ತ್ರವೂ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಕಲಿತ ತರ್ಕವೂ ನನ್ನೊಳಗೆ ಹಲವು ದಿನ ಜಗಳವಾಡಿದವು. ಕೊನೆಗೆ ಜೇವರ್ಗಿ ಕಡೆಯ ವಯೋವೃದ್ಧ ಸ್ವಾಮಿಗಳನ್ನು ಕಂಡು ಕೇಳಿದೆ. ಅವರು ಒಂದು ಗಳಿಗೆಯೂ ಯೋಚಿಸಲಿಲ್ಲ. “ಲಿಂಗಕ್ಕ ತೋರ್ಸಿ ನುಂಗು. ಅದಕ್ಯಾಕ ಇಷ್ಟ್ ದೂರ ಬಂದಿ?” ಎಂದು ಮಜ್ಜಿಗೆ ತರಿಸಿದರು.

ಎರಡನೆಯ ವಾರದ ಗೆರೆಗಳು ಬಂದವು. ಮಧ್ಯಾಹ್ನದ ಗೆರೆ ಪೂರ್ತಿ ಎದ್ದಿರಲಿಲ್ಲ. ಆದರೆ ಮೂರು ಗಂಟೆಯ ಕಗ್ಗತ್ತಲೆ ಒಂದು ಗಂಟೆಗೆ ಇಳಿದಿತ್ತು. ವೈದ್ಯರು ಔಷಧದ ಪ್ರಮಾಣವನ್ನು ಹೆಚ್ಚಿಸಬೇಕಾಗಿ ಬರಲಿಲ್ಲ. ಇನ್ನೊಂದು ಸೋಜಿಗವನ್ನೂ ಅವರು ತೋರಿಸಿದರು. ದಿನವೂ ಬೆಳಗ್ಗೆ ಆರೂವರೆಯಿಂದ ಸುಮಾರು ಮುಕ್ಕಾಲು ಗಂಟೆ ಸಾಧನ ‘ನಿದ್ರೆ’ ಎಂದು ಬರೆದುಕೊಂಡಿತ್ತು. “ಎದ್ದ ಮೇಲೆ ಮತ್ತೆ ಮಲಗುತ್ತೀರಾ?” ಎಂದರು. ಅದು ಪೂಜೆಯ ಹೊತ್ತು. ಕೈ ಅಲುಗದೆ ನಿಂತಿತ್ತು. ಅಷ್ಟು ಹೊತ್ತು ಎಚ್ಚರವಿದ್ದವನ ಕೈ ಅಲುಗದಿರಬಹುದೆಂದು ಯಂತ್ರಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಎರಡು ವರ್ಷದ ಮೇಲೆ ಅಂಗೈ ನಿಂತದ್ದರ ದಾಖಲೆ ನನಗೆ ಸಿಕ್ಕಿದ್ದು ಹೀಗೆ, ಒಂದು ತಪ್ಪು ಅಕ್ಷರದ ರೂಪದಲ್ಲಿ. ಆ ಹಾಳೆಯನ್ನು ಇಟ್ಟುಕೊಂಡಿದ್ದೇನೆ.

ಯಂತ್ರ ತಪ್ಪುವುದು ಇಲ್ಲಿ ಮಾತ್ರವಲ್ಲ. ಅಫಜಲಪುರದ ರಸ್ತೆಯಲ್ಲಿ ಜೀಪಿನ ಕುಲುಕಾಟ, ಭಜನೆಯಲ್ಲಿ ತಾಳ ಹಾಕುವ ಕೈ, ಇವುಗಳನ್ನು ಅದು ಹೇಗೆ ಓದಿತೋ ನೋಡಿ ಮನುಷ್ಯನೇ ತಿದ್ದಬೇಕು. ಮಲಬದ್ಧತೆ, ವಾಸನೆ ತಿಳಿಯದಿರುವುದು, ಕುಗ್ಗಿದ ದನಿ, ಕಾರಣವಿಲ್ಲದ ಖಿನ್ನತೆ, ಈ ರೋಗದ ಅರ್ಧ ಭಾಗ ಮಣಿಕಟ್ಟಿಗೆ ಬರುವುದೇ ಇಲ್ಲ. ಜೇವರ್ಗಿ ತಾಲ್ಲೂಕಿನ ಒಬ್ಬ ಹಿರಿಯ ರೈತರು ಹೊಲದ ಬದುವಿನ ಮೇಲೆ ಸರಾಗವಾಗಿ ನಡೆಯುತ್ತಾರೆ, ಮನೆಯ ಹೊಸ್ತಿಲಿಗೆ ಬಂದೊಡನೆ ಪಾದಗಳು ನೆಲಕ್ಕೆ ಅಂಟುತ್ತವೆ. ಮನೆಯವರು ಗಾಳಿ ಸೋಕಿದೆಯೆಂದು ಹೊಸ್ತಿಲಿಗೆ ನಿಂಬೆಹಣ್ಣು ಕಟ್ಟಿದ್ದರು. ಬಾಗಿಲಿನ ಇಕ್ಕಟ್ಟಿನಲ್ಲಿ ಹೆಜ್ಜೆ ಹೆಪ್ಪುಗಟ್ಟುವುದು ಇದೇ ರೋಗದ ಲಕ್ಷಣ. ಅದನ್ನು ಕೈಯ ಸಾಧನಕ್ಕಿಂತ ಕಾಲಿಗೋ ಸೊಂಟಕ್ಕೋ ಕಟ್ಟಿದ ಸಂವೇದಕ ಚೆನ್ನಾಗಿ ಹಿಡಿಯುತ್ತದೆ. ಅವರಿಗೆ ಸಾಧನವೇನೂ ಸಿಗಲಿಲ್ಲ. ನೆಲದ ಮೇಲೆ ಹೆಜ್ಜೆಗೊಂದರಂತೆ ಅಡ್ಡಗೆರೆ ಎಳೆದರೆ ಅದನ್ನು ದಾಟುವ ನೆಪದಲ್ಲಿ ಕಾಲು ಏಳುತ್ತದೆಂಬ ಉಪಾಯವನ್ನು ವೈದ್ಯರು ಹೇಳಿದ್ದರು. ಸೊಸೆ ಹೊಸ್ತಿಲ ಈಚೆ ಆಚೆ ಸುಣ್ಣದ ಐದು ಗೆರೆ ಬಳಿದಿದ್ದಾಳೆ. ನಿಂಬೆಹಣ್ಣೂ ಇದೆ.

ಸಂವೇದಕವೆಂದರೆ ಸಿಲಿಕಾನಿನದೇ ಆಗಬೇಕಿಲ್ಲವೆಂದು ನನಗೆ ಕಲಿಸಿದವಳು ಭೀಮಾ ತೀರದ ಒಬ್ಬ ಹೆಣ್ಣುಮಗಳು. ಅತ್ತೆಯನ್ನು ಕರೆದುಕೊಂಡು ಮಠಕ್ಕೆ ಬಂದಿದ್ದಳು. “ಅತ್ತಿ ರೊಟ್ಟಿ ಬಡಿಯೋ ಸಪ್ಪಳ ಮೊದಲಿನಂಗ ಇಲ್ರಿ ಅಪ್ಪಾರ. ಮೊದಲ ಒಂದ ಸಮ ತಟತಟ ಅಂತಿತ್ತು. ಈಗ ಜೋರಾಗಿ ಸುರು ಆಗಿ ಸಣ್ಣಾಗ್ತದ, ನಡುವ ನಿಂತ್ ಬಿಡ್ತದ” ಎಂದಳು. ನರರೋಗ ತಜ್ಞರು ಹೆಬ್ಬೆರಳಿಗೆ ತೋರುಬೆರಳನ್ನು ಪುನಃ ಪುನಃ ತಟ್ಟಿಸಿ ನೋಡುವುದು ಇದನ್ನೇ: ತಟ್ಟುತ್ತ ಹೋದಂತೆ ಅಂತರ ಕುಗ್ಗುತ್ತದೆಯೆ, ವೇಗ ತಗ್ಗುತ್ತದೆಯೆ, ನಡುವೆ ನಿಲ್ಲುತ್ತದೆಯೆ? ಆ ಮಗಳು ಒಲೆಯ ಪಕ್ಕದಲ್ಲಿ ಕುಳಿತು ಕಿವಿಯಿಂದ ಆ ಪರೀಕ್ಷೆ ಮಾಡಿದ್ದಳು. ಅತ್ತೆಗೆ ನಡುಕ ಲವಲೇಶವೂ ಇರಲಿಲ್ಲ. ಈ ರೋಗದಲ್ಲಿ ಎಲ್ಲರಿಗೂ ನಡುಕ ಬರುವುದಿಲ್ಲವಷ್ಟೆ. ಬೆಂಗಳೂರಿಗೆ ಕಳಿಸಿದೆವು. ಸೊಸೆಯ ಕಿವಿಯೇ ಗೆದ್ದಿತು.

ಎಲ್ಲರೂ ಬೆಂಗಳೂರಿಗೆ ಹೋಗಬಲ್ಲರೆ? ನಿಮ್ಹಾನ್ಸ್ ಸಂಸ್ಥೆಯವರು ಬೆಂಗಳೂರಿನ ನಗರ ಮತ್ತು ಗ್ರಾಮ ಭಾಗಗಳಲ್ಲಿ ಲಕ್ಷಕ್ಕೂ ಮೀರಿದ ಜನರನ್ನು ಸಮೀಕ್ಷಿಸಿ 2004ರಲ್ಲಿ ಪ್ರಕಟಿಸಿದ ವರದಿಯಂತೆ ನರರೋಗಗಳು ನಗರಕ್ಕಿಂತ ಹಳ್ಳಿಗಳಲ್ಲಿ ಸುಮಾರು ಇಮ್ಮಡಿಯಾಗಿದ್ದವು. ರೋಗ ಹಳ್ಳಿಯಲ್ಲಿ, ತಜ್ಞ ರಾಜಧಾನಿಯಲ್ಲಿ. ಆಳಂದದವರು ಸೊಲ್ಲಾಪುರದ ದಾರಿ ಹಿಡಿಯುತ್ತಾರೆ, ಉಳಿದವರು ಕಲಬುರಗಿಯ; ಅಲ್ಲಿಂದ ಮುಂದೆ ಹಣವಿದ್ದವರು. ರಾಜ್ಯ ಸರ್ಕಾರ 2022ರಲ್ಲಿ ನಿಮ್ಹಾನ್ಸ್ ನೆರವಿನಿಂದ ಮೆದುಳಿನ ಆರೋಗ್ಯದ ಕಾರ್ಯಕ್ರಮವನ್ನು ಆರಂಭಿಸಿದೆ, ಒಳ್ಳೆಯದು. ಯಂತ್ರದ ನಿಜವಾದ ಪ್ರಯೋಜನ ನಮ್ಮಂಥ ಕಡೆಯೇ ಇದೆಯೆಂದು ನನ್ನ ಭಾವನೆ. ಆರುನೂರು ಕಿಲೋಮೀಟರು ರೋಗಿ ಹೋಗುವ ಬದಲು ಅವನ ಏಳು ದಿನಗಳು ಹೋಗಲಿ. ಆದರೆ ಈ ಸಾಧನಗಳು ಇಂದು ಹೆಚ್ಚಾಗಿ ಸಂಶೋಧನಾಲಯಗಳಲ್ಲಿ, ಸಿರಿವಂತರ ಕೈಗಳಲ್ಲಿ ಇವೆ.

ಒಂದು ಸುದ್ದಿ ನನ್ನನ್ನು ಕಲಕಿತು. ಬ್ರಿಟನ್ನಿನಲ್ಲಿ ಲಕ್ಷಕ್ಕೂ ಹೆಚ್ಚು ಜನ ಒಂದು ವಾರ ಕೈಗೆ ಸಂವೇದಕ ಕಟ್ಟಿಕೊಂಡಿದ್ದರು. ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರು ಆ ದಾಖಲೆಗಳನ್ನು ಪರಿಶೀಲಿಸಿ, ವೈದ್ಯರು ರೋಗವನ್ನು ಹೆಸರಿಸುವುದಕ್ಕೆ ಏಳು ವರ್ಷ ಮುಂಚೆಯೇ ಕೈಯ ಚಲನೆಯಲ್ಲಿ ಅದರ ಸುಳಿವು ಸಿಗಬಹುದೆಂದು 2023ರಲ್ಲಿ ತೋರಿಸಿದರು. ನನ್ನ ಲೆಕ್ಕದಲ್ಲಿ ಏಳು ವರ್ಷ ಹಿಂದೆ ಎಂದರೆ 2015. ಆ ವರ್ಷ ನಾನು ಮಠದ ಹೊಸ ಕಟ್ಟಡದ ಕೆಲಸದಲ್ಲಿ ಹಗಲಿರುಳು ಓಡಾಡುತ್ತಿದ್ದೆ. ಆಗಲೇ ಒಂದು ಗಡಿಯಾರ ನನ್ನ ಕೈ ನೋಡಿ ಹೇಳಿದ್ದರೆ? ರೋಗದ ಓಟವನ್ನು ನಿಲ್ಲಿಸುವ ಔಷಧ ಇಂದಿಗೂ ಇಲ್ಲ. ಇಲ್ಲದಿರುವಾಗ ತಿಳಿಯುವುದು ಜ್ಞಾನವೋ ಹಿಂಸೆಯೋ? ನನಗಿನ್ನೂ ಉತ್ತರ ಹೊಳೆದಿಲ್ಲ. ಕೈಯ ಗುಟ್ಟು ಯಾರ ಕೈಗೆ ಸೇರುತ್ತದೆಂಬ ಭಯವೂ ಸಹಜವಾದುದೇ. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಶಾಸನವಾಗಿದೆ. ಶಾಸನ ಕಾಗದದಿಂದಿಳಿದು ಜೇವರ್ಗಿಯ ಹೊಸ್ತಿಲಿಗೆ ಬರುವುದನ್ನು ನೋಡಬೇಕು.

ಈ ಗುಟ್ಟನ್ನಾದರೂ ನಾನೇ ಹೇಳಿಬಿಡುವುದು ಲೇಸೆನಿಸಿತು. ಕಳೆದ ಶ್ರಾವಣದಲ್ಲಿ ಅಫಜಲಪುರ ತಾಲ್ಲೂಕಿನ ಅದೇ ಹಳ್ಳಿಗೆ ಹೋಗಿದ್ದೆ. ಪೂಜೆಗೆ ಮೊದಲು, ಲಿಂಗ ಕುಣಿದದ್ದಲ್ಲ, ನನಗೆ ರೋಗವಿದೆ, ಇಂಥ ಹೆಸರಿನದು, ದಿನಕ್ಕೆ ಇಷ್ಟು ಮಾತ್ರೆ ನುಂಗುತ್ತೇನೆ ಎಂದು ಸಭೆಗೆ ಹೇಳಿದೆ. ಯಾರೂ ಮಾತನಾಡಲಿಲ್ಲ. ಆ ಹಿರಿಯ ತಾಯಿ ಮುಂದಿನ ಸಾಲಿನಲ್ಲಿಯೇ ಇದ್ದಳು. ಪೂಜೆ ಮುಗಿದ ಮೇಲೆ ಹತ್ತಿರ ಬಂದು ನನ್ನ ಎಡಗೈಯನ್ನು ಎರಡೂ ಕೈಯಿಂದ ಹಿಡಿದು, “ನಂಗ ಗೊತ್ತಿತ್ರಿ ಅಪ್ಪಾರ. ನಮ್ಮ ಯಜಮಾನ್ರಿಗೂ ಹಿಂಗ ಆಗಿತ್ತು. ನಿಮಗ ಬ್ಯಾಸರ ಆಗಬಾರ್ದಂತ ಕುಣೀತದ ಅಂದೆ” ಎಂದಳು.

ಈ ಲೇಖನದ ಬಹುಭಾಗವನ್ನು ನಾನು ಹೇಳಿದೆ, ವಟು ಬರೆದುಕೊಂಡ. ನಮ್ಮ ಪತ್ರಿಕೆಯ ಕರಡು ತಿದ್ದುವ ಆಳಂದದ ನಿವೃತ್ತ ಶಿಕ್ಷಕರು, ನನ್ನ ಹಸ್ತಪ್ರತಿಯ ಸಾಲುಗಳು ಜೋಳದ ಕಾಳಿನಿಂದ ಆರಂಭವಾಗಿ ಸಾಸಿವೆಯಲ್ಲಿ ಮುಗಿಯುತ್ತಿವೆಯೆಂದು ಒಂದು ವರ್ಷದಿಂದ ವಿನಯದಿಂದ ದೂರುತ್ತಿದ್ದರು. ಇದೂ ಆ ರೋಗದ್ದೇ ಕೈವಾಡ ಎಂಬುದನ್ನು ಅವರಿಗೂ ಈ ಮೂಲಕವೇ ತಿಳಿಸುತ್ತಿದ್ದೇನೆ. ಕೊನೆಯ ಪುಟ ಮಾತ್ರ ನನ್ನ ಕೈಬರಹ. ಅಕ್ಷರ ತಿಳಿಯದಿದ್ದರೆ ಅವರು ಮಠಕ್ಕೆ ಫೋನು ಮಾಡಲಿ. ಬೆಳಗಿನ ಎಂಟರ ಮೇಲಾದರೆ ಒಳ್ಳೆಯದು, ಆ ಹೊತ್ತಿಗೆ ಮಾತ್ರೆ ಕೆಲಸಕ್ಕೆ ಹತ್ತಿರುತ್ತದೆ.